ಟ್ಯಾಂಕ್ ಎಲ್ಲಿದೆ ಅಂತ ಮೊದಲು ನೋಡ್ಕೊಳ್ಳಿ

ಕ್ಯಾಂಪಿಂಗ್ ಟ್ರೇಲರ್ (ಗಾಡಿ ಹಿಂದೆ ಕಟ್ಕೊಂಡು ಹೋಗೋ ಪುಟ್ಟ ಮನೆ ಥರದ್ದು) ಎಳೆಯುವಾಗ ಅದರ ನೀರಿನ ಟ್ಯಾಂಕ್ ಯಾವಾಗ್ಲೂ ಖಾಲಿ ಇರ್ಲಿ ಅಂತ ಲೇಖನದಲ್ಲಿ ಬರ್ದಿದೀರ, ಅದನ್ನ ಎಲ್ಲರಿಗೂ ಒಂದೇ ಥರ ಹೇಳೋಕಾಗಲ್ಲ. ತೂಕದ ಮಾತು ಸರಿನೇ, ಒಂದು ಅಮೆರಿಕನ್ ಗ್ಯಾಲನ್ ನೀರು ಸುಮಾರು 3.8 ಕೆಜಿ, 40 ಗ್ಯಾಲನ್ ಅಂದ್ರೆ 150 ಕೆಜಿ ಆಗೋಯ್ತು. ಆದ್ರೆ ಅದಕ್ಕಿಂತ ಮುಖ್ಯ ಅಂದ್ರೆ, ಟ್ಯಾಂಕ್ ಟ್ರೇಲರ್ ಚಕ್ರಗಳ ಆಕ್ಸಲ್‌ಗಿಂತ ಮುಂದಿದ್ಯಾ ಹಿಂದಿದ್ಯಾ ಅನ್ನೋದು. ನಮ್ಮದು ಹಿಂದಿದೆ, ಒಂದ್ಸಲ ಫುಲ್ ತುಂಬಿಸ್ಕೊಂಡು ಹೈವೇಲಿ ಹೊರಟ್ವಿ, ಹಿಚ್ (ಟ್ರೇಲರನ್ನ ಗಾಡಿಗೆ ಸಿಕ್ಕಿಸೋ ಕೊಂಡಿ) ಮೇಲಿನ ಭಾರ ಕಮ್ಮಿಯಾಗಿ ಟ್ರೇಲರ್ ಆ ಕಡೆ ಈ ಕಡೆ ತೂಗಾಡೋಕೆ ಶುರುವಾಯ್ತು, ಮಕ್ಕಳೂ ನಮ್ಮ ಜೊತೆ ಗಾಡೀಲೇ ಇದ್ರು, ಆ ಭಯ ಇವತ್ತಿಗೂ ಹೋಗಿಲ್ಲ. ಟ್ರೇಲರಿನ ಒಟ್ಟು ತೂಕದಲ್ಲಿ 10ರಿಂದ 15 ಪರ್ಸೆಂಟ್ ಹಿಚ್ ಮೇಲೆ ಬೀಳ್ಬೇಕು, ನೀರು ತುಂಬಿಸಿದ ಮೇಲೆ ದಯವಿಟ್ಟು ಇನ್ನೊಂದ್ಸಲ ತೂಕ ನೋಡಿ. ಅರ್ಧ ಟ್ಯಾಂಕ್ ಇದ್ರೆ ತಿರುವಲ್ಲಿ ನೀರು ಹೊಯ್ದಾಡತ್ತೆ, ಅದೊಂದು.

ಈಗ ಅಮೆರಿಕದ ಯೂಟಾ ರಾಜ್ಯದ ಮೋಆಬ್ ಊರಿನ ಕಡೆ ಹೋಗೋದಾದ್ರೆ ದಾರೀಲಿ ಟಾಯ್ಲೆಟ್‌ಗೆ, ಕೈ ತೊಳೆಯೋಕೆ ಅಂತ ಐದಾರು ಗ್ಯಾಲನ್ ಅಷ್ಟೇ ಇಟ್ಕೊಂಡು, ಊರಲ್ಲಿ ತುಂಬಿಸಿ ನಿಧಾನಕ್ಕೆ ಕ್ಯಾಂಪಿಗೆ ಹೋಗ್ತೀವಿ. ಊರಾಚೆ ಮರುಭೂಮೀಲಿ ಕ್ಯಾಂಪ್ ಮಾಡೋ ಕಡೆ ನಲ್ಲಿ ಇರಲ್ಲ ಸರ್, ಅಲ್ಲಿಗೂ ಖಾಲಿ ಟ್ಯಾಂಕ್ ತಗೊಂಡೋಗಿ ಅಂತ ಮಾತ್ರ ಯಾರಿಗೂ ಹೇಳ್ಬೇಡಿ. ಕುಡಿಯೋ ನೀರು ನಾವು ಬೇರೆ ಕ್ಯಾನಲ್ಲೇ ಇಡ್ತೀವಿ.