61 ಮೆಗಾಪಿಕ್ಸೆಲ್‌ನ ಮದುಮಗ

ನಿನ್ನೆ ಸಂಜೆ ಮದುವೆಯ ಫೋಟೋ ಮಾತನಾಡಲು ಬಂದ ಹುಡುಗ ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದ: "ನಿಮ್ಮ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್?" 24 ಎಂದೆ. ಪಾಯಸದಲ್ಲಿ ಕಲ್ಲು ಸಿಕ್ಕವನಂತೆ ಮುಖ ಮಾಡಿದ. ಅವನ ಗೆಳೆಯನ ಮದುವೆಗೆ 61 ಮೆಗಾಪಿಕ್ಸೆಲ್‌ನ ಸೋನಿ ಬಂದಿತ್ತಂತೆ.

ಬರಲಿ, ಸಂತೋಷ. ಆಲ್ಬಮ್‌ನ ಒಂದು ಪುಟ 12×18 ಇಂಚು. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಅದಕ್ಕೆ ಬೇಕಾಗುವುದು ಸುಮಾರು ಹತ್ತೊಂಬತ್ತೂವರೆ ಮೆಗಾಪಿಕ್ಸೆಲ್ (ಒಂದು ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಚುಕ್ಕಿ). ಮಿಕ್ಕದ್ದನ್ನು ಏನು ಮಾಡುತ್ತಾರೋ! ಧಾರೆ ಮುಗಿದ ಸಂಜೆಯೇ "ವಾಟ್ಸ್‌ಆ್ಯಪ್‌ನಲ್ಲಿ ಹಾಕಿಬಿಡಿ" ಎನ್ನುವವರೂ ಇವರೇ.

ಚಿತ್ರಗಳನ್ನು ಉಳಿಸುವ ಮೆಮೊರಿ ಕಾರ್ಡ್ ಕೆಟ್ಟರೆ ಗತಿಯೇನು ಎಂದು ಮಾತ್ರ ಇಷ್ಟು ವರ್ಷಗಳಲ್ಲಿ ಒಬ್ಬ ಬೀಗರೂ ಕೇಳಿಲ್ಲ. ನಾನು ನಿಕಾನ್ ಡಿ750 ಕೊಂಡದ್ದೇ ಅದರಲ್ಲಿ ಎರಡು ಕಾರ್ಡ್ ಹಾಕಬಹುದು, ಪ್ರತಿ ಚಿತ್ರವೂ ಎರಡರಲ್ಲೂ ಉಳಿಯುತ್ತದೆ ಎಂಬ ಕಾರಣಕ್ಕೆ. 2018ರಲ್ಲಿ ನಿಕಾನ್‌ನ ಝಡ್6, ಕ್ಯಾನನ್‌ನ ಇಒಎಸ್ ಆರ್ ಒಂದೇ ಕಾರ್ಡಿನ ಜಾಗದೊಂದಿಗೆ ಬಂದಾಗ ನಮ್ಮ ಕಸುಬಿನವರು ಗೊಣಗಿದ್ದು ಸುಮ್ಮನೆ ಅಲ್ಲ. ನಿಕಾನ್ 2020ರಲ್ಲಿ ಝಡ್6ರ ಮುಂದಿನ ಆವೃತ್ತಿಗೆ ಎರಡನೆಯದನ್ನು ಸೇರಿಸಿತು. ಗಟ್ಟಿಮೇಳ ಮೊಳಗಿ, ಅಂತರಪಟ ಸರಿದು, ಜೀರಿಗೆ ಬೆಲ್ಲ ತಲೆಯ ಮೇಲೆ ಬೀಳುವುದು ಒಂದೇ ಸಲ. ಕಾರ್ಡ್ ಕೈಕೊಟ್ಟಿದೆ, ಇನ್ನೊಮ್ಮೆ ತಾಳಿ ಕಟ್ಟಿ ಎನ್ನಲಾದೀತೇ?

ಬೆಳಕನ್ನೂ ಯಾರೂ ಕೇಳುವುದಿಲ್ಲ. ಅಲಂಕಾರದವರು ಮಂಟಪಕ್ಕೆ ನೇರಳೆ ದೀಪ ಬಿಡುತ್ತಾರೆ, ಅರಿಸಿನ ಹಚ್ಚಿದ ಮದುಮಗಳ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತದೆ. ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಶಟರ್ ವೇಗವನ್ನು, ಎಂದರೆ ಕ್ಯಾಮೆರಾ ಬೆಳಕಿಗೆ ಕಣ್ಣು ತೆರೆದಿರುವ ಹೊತ್ತನ್ನು, 1/100 ಸೆಕೆಂಡಿಗೆ ತರದಿದ್ದರೆ ಚಿತ್ರದ ತುಂಬ ಪಟ್ಟೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಎಂದು ಜಂಬಪಡುವವರ ಚಿತ್ರಗಳಲ್ಲಿ ಈ ಪಟ್ಟೆ ಇನ್ನೂ ಸೊಗಸಾಗಿ ಮೂಡುತ್ತದೆ.

"ಹೊಸ ಕ್ಯಾಮೆರಾ ತಾನೇ ಕಣ್ಣು ಹುಡುಕಿ ಫೋಕಸ್ ಮಾಡುತ್ತದೆ, ನಿನಗೆ ಹೊಟ್ಟೆಯುರಿ" ಎನ್ನುವ ಗೆಳೆಯರಿದ್ದಾರೆ. ಹುಡುಕುತ್ತದೆ, ಒಪ್ಪಿದೆ. ಯಾರ ಕಣ್ಣನ್ನು? ಮುಹೂರ್ತದ ಹೊತ್ತಿಗೆ ಮಂಟಪಕ್ಕೆ ಅಡ್ಡ ನಿಂತು ಮೊಬೈಲ್ ಎತ್ತಿದ ಚಿಕ್ಕಪ್ಪನ ಬೋಳುತಲೆ ಮಾತ್ರ ಕಾಣುವಾಗ ಯಂತ್ರ ತಾನೇ ಏನು ಮಾಡೀತು? 61 ಮೆಗಾಪಿಕ್ಸೆಲ್ ಇದ್ದರೆ ಉಳಿದ ಕೂದಲನ್ನು ಎಣಿಸಬಹುದು, ಅಷ್ಟೇ. ನಾನು ಬೆಳಿಗ್ಗೆಯೇ ಪುರೋಹಿತರನ್ನು ಕಂಡು, ತಾಳಿ ಕಟ್ಟುವಾಗ ಹುಡುಗ ಯಾವ ಕಡೆ ನಿಲ್ಲುತ್ತಾನೆ ಎಂದು ಕೇಳಿಕೊಂಡು ಜಾಗ ಹಿಡಿಯುತ್ತೇನೆ. ಇದು ಯಾವ ಜಾಹೀರಾತಿನಲ್ಲೂ ಇಲ್ಲ, ಹಾಗಾಗಿ ಇದಕ್ಕೆ ಬೆಲೆಯೂ ಇಲ್ಲ. "ಹೇಗೂ ಹಳೆಯ ಕ್ಯಾಮೆರಾ, ಸ್ವಲ್ಪ ಕಡಿಮೆ ಮಾಡಿಕೊಳ್ಳಿ" ಎಂಬ ಮಾತನ್ನು ಕೇಳಬೇಕು.

ನನ್ನ ಹೆಂಡತಿಯೂ ಇದನ್ನು ಓದುತ್ತಾಳೆ, ಆದರೂ ಹೇಳಿಬಿಡುತ್ತೇನೆ. ನಿಕಾನ್‌ನ ಝಡ್8 ಕ್ಯಾಮೆರಾದ ಮಾಸಿಕ ಕಂತು ಎಷ್ಟಾಗುತ್ತದೆಂದು ನಡುರಾತ್ರಿ ಎದ್ದು ಲೆಕ್ಕ ಹಾಕಿದವನು ನಾನು. ಅದರಲ್ಲಿ 45 ಮೆಗಾಪಿಕ್ಸೆಲ್ ಇದೆ, ಎರಡು ಕಾರ್ಡಿಗೆ ಜಾಗವೂ ಇದೆ. ದುಡ್ಡು ಕೂಡಿಬಂದರೆ ಕೊಂಡೇ ಕೊಳ್ಳುತ್ತೇನೆ. ಕೊಂಡ ಮೇಲೂ ಯಾರಾದರೂ ಎಷ್ಟು ಮೆಗಾಪಿಕ್ಸೆಲ್ ಎಂದರೆ, ಬೇಕೆಂದೇ 24 ಎನ್ನುತ್ತೇನೆ.