ಊರು ಬಿಟ್ಟ ಕೊರಿಯನ್ನರ ಸಿನಿಮಾಕ್ಕೆ ಬೇರೆಯೇ ಒಂದು ಹಬ್ಬ ಬೇಕು

ದಕ್ಷಿಣ ಕೊರಿಯಾದ ಇಂಚಾನ್ ನೆನಪಿರಬಹುದು, 2014ರ ಏಷ್ಯನ್ ಗೇಮ್ಸ್ ನಡೆದ ಊರು. ಅಲ್ಲಿ 2013ರಿಂದ ಡಯಾಸ್ಪೊರಾ ಫಿಲ್ಮ್ ಫೆಸ್ಟಿವಲ್ ಅಂತ ಒಂದು ಚಿತ್ರೋತ್ಸವ ನಡೆಯುತ್ತಿದೆ. ಊರು ಬಿಟ್ಟು ಹೋದವರು, ಊರು ಬಿಡಲೇಬೇಕಾಗಿ ಬಂದವರು, ಅವರ ಮಕ್ಕಳು ಮಾಡಿದ ಸಿನಿಮಾಗಳಿಗೆ ಅಲ್ಲಿ ಜಾಗ. ಬೇರೆ ದೇಶದವರ ಚಿತ್ರಗಳೂ ಇರುತ್ತವೆ. ಇದಕ್ಕೆ ಇಂಚಾನ್‌ಗಿಂತ ಒಳ್ಳೆಯ ಊರು ಸಿಗಲಾರದು. 1902ರ ಡಿಸೆಂಬರ್‌ನಲ್ಲಿ ಹವಾಯಿಯ ಕಬ್ಬಿನ ತೋಟಗಳಿಗೆ ಕೂಲಿಗೆ ಹೊರಟ ಮೊದಲ ತಂಡ ಹಡಗು ಹತ್ತಿದ್ದು ಇದೇ ಬಂದರಿನಲ್ಲಿ. ಈಗ ಕೊರಿಯಾದ ಹೊರಗೆ ಸುಮಾರು 70 ಲಕ್ಷ ಕೊರಿಯನ್ ಮೂಲದವರಿದ್ದಾರೆ.

ನಮ್ಮಲ್ಲಿ ಕೆ-ಡ್ರಾಮಾ ನೋಡುವವರು ಮನೆಗೊಬ್ಬರಾದರೂ ಇದ್ದಾರೆ. ಸಿಯೋಲ್‌ನ ಗಲ್ಲಿಗಲ್ಲಿ ಗೊತ್ತು ಅವರಿಗೆ. ಆದರೆ ಈ 70 ಲಕ್ಷ ಜನರ ಕಥೆ ಅಂದ ಕೂಡಲೇ ನಮಗೆ ನೆನಪಾಗೋದು ಹೆಚ್ಚೆಂದರೆ ಎರಡು ಸಿನಿಮಾ: ‘ಮಿನಾರಿ’ ಮತ್ತು ‘ಪಾಸ್ಟ್ ಲೈವ್ಸ್’. ಎರಡೂ ನನಗೆ ತುಂಬಾ ಇಷ್ಟ. ಆದರೆ ಎರಡೂ ಉತ್ತರ ಅಮೆರಿಕದ ಕಥೆ, ಎರಡೂ ಆಸ್ಕರ್‌ವರೆಗೆ ಹೋದವು, ಹಾಗಾಗಿ ನಮ್ಮವರೆಗೂ ಬಂದವು. ಉಳಿದವು ಬರಲಿಲ್ಲ. ನನ್ನ ತಕರಾರು ಇರೋದು ಇಲ್ಲೇ.

‘ಮಿನಾರಿ’ಗೂ ದಾರಿ ಸಲೀಸಾಗಿರಲಿಲ್ಲ ಅನ್ನಿ. ನಿರ್ದೇಶಕ ಲೀ ಐಸಾಕ್ ಚುಂಗ್ ಹುಟ್ಟಿದ್ದೇ ಅಮೆರಿಕದಲ್ಲಿ. ಶೂಟಿಂಗ್ ನಡೆದಿದ್ದು ಓಕ್ಲಹೋಮಾದಲ್ಲಿ, ದುಡ್ಡೂ ಅಲ್ಲಿನದೇ. ಆದರೂ ಗೋಲ್ಡನ್ ಗ್ಲೋಬ್‌ನವರು ಅದನ್ನು ವಿದೇಶಿ ಭಾಷೆಯ ಚಿತ್ರಗಳ ಸಾಲಿನಲ್ಲಿ ಕೂರಿಸಿದರು. ಅರ್ಧಕ್ಕಿಂತ ಜಾಸ್ತಿ ಮಾತು ಇಂಗ್ಲಿಷ್‌ನಲ್ಲಿ ಇರಲಿಲ್ಲ, ಅಷ್ಟೇ ಕಾರಣ. ಅಮೆರಿಕದ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಗೆದ್ದು ಬಂದ ಚಿತ್ರಕ್ಕೇ ಹೀಗಾದರೆ ಒಸಾಕಾದ ಒಂದು ಮನೆಯೊಳಗೆ ಕೈಯಲ್ಲಿ ಕ್ಯಾಮೆರಾ ಹಿಡಿದು ತೆಗೆದ ಸಾಕ್ಷ್ಯಚಿತ್ರವನ್ನು ಯಾರು ಕೇಳುತ್ತಾರೆ?

ಕೇಳಬೇಕು. ಯಾಕೆ ಅಂತ ಹೇಳ್ತೀನಿ.

ನಿರ್ದೇಶಕಿ ಯಾಂಗ್ ಯೊಂಗ್‌ಹಿ ಹುಟ್ಟಿ ಬೆಳೆದಿದ್ದು ಜಪಾನಿನ ಒಸಾಕಾದಲ್ಲಿ. ಅಪ್ಪ ಅಲ್ಲಿ ಉತ್ತರ ಕೊರಿಯಾ ಪರವಾದ ಸಂಘಟನೆಯ ಮುಖಂಡ. ಅಪ್ಪನ ಸ್ವಂತ ಊರು ದಕ್ಷಿಣದ ಜೆಜು ದ್ವೀಪ, ಆದರೆ ನಿಷ್ಠೆ ಮಾತ್ರ ಉತ್ತರಕ್ಕೆ. 1959ರಿಂದ 1984ರವರೆಗೆ ಜಪಾನಿನಲ್ಲಿದ್ದ ಸುಮಾರು 93 ಸಾವಿರ ಜನರನ್ನು ಹಡಗಿನಲ್ಲಿ ಉತ್ತರ ಕೊರಿಯಾಕ್ಕೆ ಕಳಿಸಿದರು. ಯಾಂಗ್ ಅವರ ಮೂವರು ಅಣ್ಣಂದಿರೂ 1970ರ ದಶಕದ ಶುರುವಿನಲ್ಲಿ ಹೀಗೇ ಹೋದರು. ಕಳಿಸಿದ್ದು ಸ್ವತಃ ಅಪ್ಪ. ದೊಡ್ಡಣ್ಣನನ್ನು ಉತ್ತರ ಕೊರಿಯಾದ ಆಗಿನ ನಾಯಕ ಕಿಮ್ ಇಲ್ ಸುಂಗ್ ಅವರ 60ನೇ ಹುಟ್ಟುಹಬ್ಬದ ಕಾಣಿಕೆಯಾಗಿ ಆರಿಸಿದ ವಿದ್ಯಾರ್ಥಿಗಳ ಗುಂಪಿನಲ್ಲಿ ಸೇರಿಸಲಾಗಿತ್ತು. ಒಬ್ಬ ಮನುಷ್ಯನನ್ನು ಹುಟ್ಟುಹಬ್ಬದ ಕಾಣಿಕೆ ಮಾಡುವುದು! ಮನೆಯಲ್ಲಿ ಉಳಿದವಳು ಪುಟ್ಟ ತಂಗಿ ಒಬ್ಬಳೇ.

2005ರ ‘ಡಿಯರ್ ಪ್ಯೊಂಗ್ಯಾಂಗ್’ನಲ್ಲಿ ಆ ತಂಗಿ ಕ್ಯಾಮೆರಾ ಹಿಡಿದು ಅಪ್ಪನ ಎದುರು ಕೂರುತ್ತಾಳೆ. ಅಪ್ಪ ನಗುತ್ತಾರೆ, ಗದರುತ್ತಾರೆ, ಮಾತು ಮರೆಸುತ್ತಾರೆ. ಅಮ್ಮ ನೆಲದ ಮೇಲೆ ರಟ್ಟಿನ ಡಬ್ಬಿಗಳನ್ನು ಹರಡಿಕೊಂಡು ಪ್ಯೊಂಗ್ಯಾಂಗ್‌ನ ಮೊಮ್ಮಕ್ಕಳಿಗೆ ಸಾಮಾನು ತುಂಬುತ್ತಾರೆ. ಅದರಲ್ಲಿ ಚಳಿಗೆ ಕೈ ಬೆಚ್ಚಗೆ ಇಡುವ ಪುಟ್ಟ ಪೊಟ್ಟಣಗಳೂ ಇವೆ. ಪಾರ್ಸೆಲ್ ಕಟ್ಟುವ ಆ ಕೈಗಳನ್ನು ನೋಡಿದರೆ ಸಾಕು, ಅಲ್ಲಿ ಮಕ್ಕಳು ಹೇಗಿದ್ದಾರೆ ಅಂತ ಯಾರೂ ಬಾಯಿ ಬಿಟ್ಟು ಹೇಳಬೇಕಿಲ್ಲ. ಈ ಚಿತ್ರ ಬಂದ ಮೇಲೆ ಯಾಂಗ್ ಅವರಿಗೆ ಉತ್ತರ ಕೊರಿಯಾ ಪ್ರವೇಶವನ್ನೇ ನಿಷೇಧಿಸಲಾಯಿತು. ಅಣ್ಣಂದಿರ ಮನೆಗೆ ಹೋಗೋ ದಾರಿಯೇ ಮುಚ್ಚಿತು. ಒಂದು ಸಿನಿಮಾಕ್ಕೆ ಕೊಟ್ಟ ಬೆಲೆ ಅದು. ಇಂಥ ಚಿತ್ರ ಆರಾಮಾಗಿ ಸಿಗಲ್ಲ, ಮೊಬೈಲಿನಲ್ಲಿ ತಾನಾಗಿ ಕಣ್ಣಿಗೆ ಬೀಳೋದೂ ಇಲ್ಲ. ಯಾರೋ ಹುಡುಕಿ ತಂದು, ಹಾಲ್ ಗೊತ್ತುಮಾಡಿ, ಹತ್ತು ಜನರನ್ನು ಕರೆದು ಕೂರಿಸಬೇಕು. ಸಣ್ಣ ಚಿತ್ರೋತ್ಸವಗಳು ಮಾಡೋ ಕೆಲಸ ಅದೇ.

ದತ್ತು ಹೋದವರ ಕಥೆಯೂ ಹೀಗೇ. 1950ರ ದಶಕದಿಂದ ಈಚೆಗೆ ಸುಮಾರು ಎರಡು ಲಕ್ಷ ಮಕ್ಕಳು ಕೊರಿಯಾದಿಂದ ಪರದೇಶಗಳಿಗೆ ದತ್ತು ಹೋಗಿದ್ದಾರೆ. ಅವರಲ್ಲೊಬ್ಬರು ಡಿಯಾನ್ ಬೋರ್ಶೇ ಲೀಮ್. 1966ರಲ್ಲಿ ಎಂಟು ವರ್ಷದವರಿದ್ದಾಗ ಬೇರೊಬ್ಬ ಹುಡುಗಿಯ ಹೆಸರಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಕಳಿಸಿದರು. ದೊಡ್ಡವರಾದ ಮೇಲೆ ತಮ್ಮ ಮನೆಯವರನ್ನು ಹುಡುಕಿ ಒಂದು ಚಿತ್ರ ಮಾಡಿದರು, ಆ ಇನ್ನೊಬ್ಬ ಹುಡುಗಿಯನ್ನು ಹುಡುಕಿಕೊಂಡು ಇನ್ನೊಂದು. ಕಾಗದಪತ್ರ ತಿದ್ದಿ ಮಕ್ಕಳನ್ನು ಕಳಿಸಿದ್ದಕ್ಕೆ ಸರ್ಕಾರವೂ ಹೊಣೆ ಅಂತ ಕೊರಿಯಾದ ಸತ್ಯಶೋಧನಾ ಆಯೋಗ ಹೇಳಿದ್ದು 2025ರಲ್ಲಿ. ಡಿಯಾನ್ ಅವರ ಮೊದಲ ಸಿನಿಮಾ ಬಂದಿದ್ದು ಅದಕ್ಕೂ 25 ವರ್ಷ ಮೊದಲು, 2000ದಲ್ಲಿ.

ಹಾಗಂತ ಎಲ್ಲರೂ ಯಾವಾಗಲೂ ಊರು, ಅಜ್ಜಿ, ಊಟದ ಡಬ್ಬಿ ಅಂತಲೇ ಸಿನಿಮಾ ಮಾಡಬೇಕಾ? ಬೇಡವೇ ಬೇಡ. ನಿರ್ದೇಶಕ ಕೊಗೊನಾಡಾ ಹುಟ್ಟಿದ್ದು ಸಿಯೋಲ್‌ನಲ್ಲಿ. ಅವರ ‘ಕೊಲಂಬಸ್’ ಇರೋದು ಇಂಡಿಯಾನಾದ ಒಂದು ಪುಟ್ಟ ಊರಿನ ಕಟ್ಟಡಗಳ ಸುತ್ತ. ಇನ್ನೊಬ್ಬ ನಿರ್ದೇಶಕ ಲೀ ಸಾಂಗ್‌ಇಲ್ ಜಪಾನಿನಲ್ಲಿ ಹುಟ್ಟಿದ ಕೊರಿಯನ್. ಉತ್ತರ ಕೊರಿಯಾಕ್ಕೆ ಹಡಗು ಹೊರಡುತ್ತಿದ್ದ ನೀಗಾತಾ ಸೀಮೆಯವರೇ. 2025ರಲ್ಲಿ ಅವರ ‘ಕೊಕುಹೋ’ ಜಪಾನಿನಲ್ಲಿ ಭರ್ಜರಿಯಾಗಿ ಓಡಿತು. ಅದರಲ್ಲಿ ಕೊರಿಯಾದ ಸುದ್ದಿಯೇ ಇಲ್ಲ. ಅಪ್ಪನಿಂದ ಮಗನಿಗೆ ಬರುವ ಜಪಾನಿನ ಸಾಂಪ್ರದಾಯಿಕ ಕಬುಕಿ ರಂಗಭೂಮಿಗೆ ಹೊರಗಿನ ಹುಡುಗನೊಬ್ಬ ಬರುವ ಕಥೆ. ರಕ್ತ ದೊಡ್ಡದೋ ಕಲೆ ದೊಡ್ಡದೋ ಅನ್ನೋ ಪ್ರಶ್ನೆ ಇವರಿಗಿಂತ ಚೆನ್ನಾಗಿ ಯಾರಿಗೆ ತಟ್ಟೀತು? ಕೊರಿಯನ್ ಡಯಾಸ್ಪೊರಾದ ಉತ್ಸವ ಮಾಡುವವರು ಇದನ್ನು ಬಿಟ್ಟರೆ ತಪ್ಪು ಅಂತಲೇ ನನ್ನ ವಾದ.

ಇಷ್ಟೆಲ್ಲ ಬರೆದಿದ್ದು ಒಂದು ಆಸೆಯಿಂದ. ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿಯಂಥ ಜಾಗ ಇದೆ, ಸಾಕ್ಷ್ಯಚಿತ್ರ ಹುಡುಕಿಕೊಂಡು ಬರೋ ಜನರೂ ಇದ್ದಾರೆ. ಯಾಂಗ್ ಅವರ ಮೂರೂ ಸಾಕ್ಷ್ಯಚಿತ್ರಗಳನ್ನು ಒಂದೇ ವಾರಾಂತ್ಯದಲ್ಲಿ ಯಾರಾದರೂ ತೋರಿಸಬೇಕು. ಕ್ರಮ ಮಾತ್ರ ತಪ್ಪಿಸಬೇಡಿ. ಮೊದಲು ‘ಡಿಯರ್ ಪ್ಯೊಂಗ್ಯಾಂಗ್’, ಆಮೇಲೆ ಪ್ಯೊಂಗ್ಯಾಂಗ್‌ನಲ್ಲಿರುವ ಅಣ್ಣನ ಮಗಳ ಕಥೆ ‘ಸೋನಾ’, ಕೊನೆಗೆ 2021ರ ‘ಸೂಪ್ ಅಂಡ್ ಐಡಿಯಾಲಜಿ’. ದಕ್ಷಿಣದವರಾದ ಈ ಅಪ್ಪ ಅಮ್ಮ ಯಾಕೆ ಗಂಡುಮಕ್ಕಳನ್ನೆಲ್ಲ ಉತ್ತರಕ್ಕೆ ಕಳಿಸಿದರು ಅನ್ನೋ ಪ್ರಶ್ನೆ ಮೊದಲ ಚಿತ್ರದಲ್ಲಿ ಎದ್ದು ಹಾಗೇ ಉಳಿಯುತ್ತೆ. ಮೂರನೆಯದರಲ್ಲಿ, ಅಪ್ಪ ತೀರಿಕೊಂಡ ಮೇಲೆ, ವಯಸ್ಸಾದ ಅಮ್ಮ ಬಾಯಿ ಬಿಡುತ್ತಾರೆ. 1948ರಲ್ಲಿ ಜೆಜು ದ್ವೀಪದಲ್ಲಿ ದಕ್ಷಿಣದ ಸರ್ಕಾರದ ಪಡೆಗಳೇ ಊರೂರು ಜನರನ್ನು ಕೊಂದಾಗ ಅವರು 18 ವರ್ಷದ ಹುಡುಗಿ. ಮದುವೆ ನಿಶ್ಚಯವಾಗಿದ್ದ ಹುಡುಗನೂ ಅದರಲ್ಲಿ ಸತ್ತ. ಅವರು ತಪ್ಪಿಸಿಕೊಂಡು ದೋಣಿ ಹತ್ತಿ ಜಪಾನಿಗೆ ಬಂದವರು. ಮಗಳಿಗೆ ಈ ಉತ್ತರ ಸಿಗೋದಕ್ಕೆ ಮೊದಲ ಸಿನಿಮಾದಿಂದ 16 ವರ್ಷ ಬೇಕಾಯಿತು.