ಸ್ವರ ಆರುವವರೆಗೆ

ಟೋಕಿಯೊಗೆ ಬಂದ ಹೊಸತರಲ್ಲಿ ಆಫೀಸಿನ ಗೆಳೆಯನೊಬ್ಬ ಜಪಾನಿನ ಸಂಗೀತಗಾರ ರ್ಯೂಯಿಚಿ ಸಕಾಮೊಟೊ ಅವರ ಪಿಯಾನೊ ಕೇಳಿಸಿದ. ಎರಡು ಸ್ವರ ಬಂತು, ನಿಂತಿತು. ಇಯರ್‌ಫೋನ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಅವರು ನುಡಿಸಿದ್ದೇ ಅಷ್ಟು.

ನಮ್ಮ ಕಿವಿ ಬೆಳೆದದ್ದು ತಂಬೂರಿ ಜೊತೆ. ಹಾಡುವವರು ನಿಲ್ಲಿಸಿದರೂ ಹಿಂದೆ ಷಡ್ಜ, ಪಂಚಮ ಗುಂಯ್ ಅನ್ನುತ್ತಲೇ ಇರುತ್ತವೆ. ಕಛೇರಿಯಲ್ಲಿ ಪೂರ್ತಿ ಖಾಲಿ ಜಾಗ ಅಂತ ಇರೋದೇ ಇಲ್ಲ. ಮೇಲೆ ಗಮಕ ಬೇಕು, ಸ್ವರ ಜಾರಬೇಕು, ತೂಗಬೇಕು. ಪಿಯಾನೊದಲ್ಲಿ ಅದಾಗದು. ಸುತ್ತಿಗೆ ತಂತಿಗೆ ಒಮ್ಮೆ ಬಡಿದರೆ ಮುಗಿಯಿತು, ಆಮೇಲೆ ಸ್ವರ ಆರುತ್ತಾ ಹೋಗುತ್ತದೆ. ಕೊನೆಕೊನೆಗೆ ಸಕಾಮೊಟೊ ಅದು ಆರುವವರೆಗೂ ಕಾಯುತ್ತಿದ್ದರು.

ಮೊದಲಿಂದಲೂ ಹೀಗಿದ್ದವರಲ್ಲ. 1978ರಲ್ಲಿ ಶುರುವಾದ ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ ಅನ್ನೋ ಬ್ಯಾಂಡಿನಲ್ಲಿ ಸಿಂಥಸೈಜರ್ ನುಡಿಸಿ ಜನರನ್ನು ಕುಣಿಸಿದವರು. 'ದಿ ಲಾಸ್ಟ್ ಎಂಪರರ್' ಸಿನಿಮಾದ ಸಂಗೀತಕ್ಕೆ ಇನ್ನಿಬ್ಬರ ಜೊತೆ ಆಸ್ಕರ್ ಪಡೆದವರು.

ನನ್ನನ್ನು ಕಾಡಿದ್ದು ಸುನಾಮಿ ಪಿಯಾನೊ. 2011ರಲ್ಲಿ ಜಪಾನಿನ ಮಿಯಾಗಿ ಪ್ರಾಂತ್ಯದ ಒಂದು ಹೈಸ್ಕೂಲಿಗೆ ಸಮುದ್ರ ನುಗ್ಗಿದಾಗ ಮುಳುಗಿದ್ದು. ಶ್ರುತಿ ಎಲ್ಲೆಲ್ಲೋ ಹೋಗಿತ್ತು. ಮರ ಬಗ್ಗಿಸಿ, ತಂತಿ ಬಿಗಿದು ಶ್ರುತಿ ಅಂತ ಹೆಸರಿಟ್ಟವರು ನಾವು, ಸಮುದ್ರ ಅದನ್ನು ಬಿಡಿಸಿತು ಅನ್ನೋದು ಸಕಾಮೊಟೊ ಅವರ ವಾದ. 2017ರ 'ಅಸಿಂಕ್' ಆಲ್ಬಮ್‌ನಲ್ಲಿ ಆ ಸದ್ದನ್ನೇ ಬಳಸಿದರು. ಶ್ರುತಿ ಮಾತಾ, ಲಯಃ ಪಿತಾ ಅಂತ ಉರು ಹೊಡೆದವನು ನಾನು. ಈಗಲೂ ಪೂರ್ತಿ ಒಪ್ಪಿಲ್ಲ.

ಆದರೆ ಒಂದು ವಿಷಯದಲ್ಲಿ ನಾನು ಅವರ ಕಡೆ. ನ್ಯೂಯಾರ್ಕಿನಲ್ಲಿ ಅವರಿಗೆ ಇಷ್ಟದ ಒಂದು ಜಪಾನೀ ಹೋಟೆಲ್ ಇತ್ತು. ಅಲ್ಲಿ ಹಾಕುತ್ತಿದ್ದ ಹಾಡುಗಳನ್ನು ತಡೆಯಲಾರದೆ, ನಾನೇ ಆರಿಸಿಕೊಡುತ್ತೇನೆ ಅಂತ ಬಾಣಸಿಗರಿಗೆ ಇಮೇಲ್ ಬರೆದರು. ಕಾಸು ತೆಗೆದುಕೊಳ್ಳದೆ ಪಟ್ಟಿ ಮಾಡಿಯೂ ಕೊಟ್ಟರು. ನಮ್ಮ ಮದುವೆ ಊಟಗಳಲ್ಲಿ ನಾವೇನು ಮಾಡುತ್ತೇವೆ? ಆರ್ಕೆಸ್ಟ್ರಾ ಜೋರಾದಷ್ಟೂ ನಾವೂ ಜೋರಾಗಿ ಕಿರುಚುತ್ತೇವೆ. ಹೋದ ರಜೆಯಲ್ಲಿ ಊರಿನ ಮದುವೆಯೊಂದರಲ್ಲಿ ನಾನು 'ಸಾಕು' ಅಂದದ್ದು ಬಡಿಸುವವರಿಗೆ 'ಹಾಕು' ಅಂತ ಕೇಳಿಸಿತು. ಎಲೆ ತುಂಬ ಅನ್ನ!

2023ರ ಜನವರಿಯಲ್ಲಿ '12' ಅನ್ನುವ ಆಲ್ಬಮ್ ಬಂತು. ಕ್ಯಾನ್ಸರ್ ಜೊತೆ ಬದುಕುತ್ತಾ ಡೈರಿಯಂತೆ ಮಾಡಿಟ್ಟ ತುಣುಕುಗಳು, ಹೆಸರಿನ ಬದಲು ತಾರೀಖು. ಸ್ವರಗಳ ನಡುವೆ ಅವರ ಉಸಿರು ಕೇಳಿಸುತ್ತದೆ. ಮಾರ್ಚ್ 28ಕ್ಕೆ ಹೋಗಿಬಿಟ್ಟರು, 71 ವರ್ಷ. ಅದರಲ್ಲಿ ಒಂದನ್ನು ಅಮ್ಮನಿಗೆ ಫೋನಿನಲ್ಲಿ ಹಾಕಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಶ್ರುತಿಪೆಟ್ಟಿಗೆ ಹಾಕೋದು ಮರೆತಿದ್ದಾರಲ್ಲೋ" ಅಂದರು.